ಸಸಾರಜನಕ: ಎಷ್ಟಾದರೆ ಅತಿ?

ಮೈತೂಕ ಇಳಿಸಿಕೊಳ್ಳಬೇಕೆನ್ನುವವರು ಹಿಂದೆ ವೈದ್ಯನ ಬಳಿ ಬಂದರೆ ಕೇಳುತ್ತಿದ್ದುದು ಒಂದೇ ಮಾತು: ಏನನ್ನು ಬಿಡಬೇಕು? ತುಪ್ಪ ಬಿಡಬೇಕೆ, ಅನ್ನ ಬಿಡಬೇಕೆ, ಸಂಜೆಯ ಮಿರ್ಚಿಭಜಿ ಬಿಡಬೇಕೆ? ಈಗ ಹುಬ್ಬಳ್ಳಿ-ಧಾರವಾಡಗಳಲ್ಲಿ ನನ್ನೆದುರು ಬಂದು ಕೂಡುವವರ ಪ್ರಶ್ನೆ ಬೇರೆಯಾಗಿದೆ. “ಪ್ರೋಟೀನ್ ಎಷ್ಟ ತಗೋಬೇಕ್ರೀ ಡಾಕ್ಟರ?” ಎನ್ನುತ್ತಾರೆ. ಎಷ್ಟಾದರೆ ಅತಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಯಾರೂ ಕೇಳದ ಆ ಪ್ರಶ್ನೆಗೆ ಉತ್ತರ ಹೇಳಲು ಈ ಕೆಲವು ನಿಮಿಷಗಳನ್ನು ಬಳಸಿಕೊಳ್ಳುತ್ತೇನೆ.

ಪ್ರೋಟೀನಿಗೆ ನಮ್ಮ ಪಠ್ಯಪುಸ್ತಕಗಳು ಸಸಾರಜನಕವೆಂಬ ಹೆಸರನ್ನು ಬಹುಕಾಲ ಬಳಸಿದವು. ಸಾರಜನಕ, ಎಂದರೆ ನೈಟ್ರೋಜನ್, ಉಳ್ಳದ್ದು ಎಂದರ್ಥ. ಹೆಸರು ತುಸು ಒರಟಾದರೂ ಅರ್ಥವತ್ತಾದದ್ದು. ನಮ್ಮ ಪ್ರಶ್ನೆಯ ತಿರುಳೆಲ್ಲ ಆ ಸಾರಜನಕದಲ್ಲಿಯೇ ಇದೆ. ಹೆಚ್ಚಾದ ಜಿಡ್ಡನ್ನು ದೇಹ ಸೊಂಟದ ಸುತ್ತ ಕೂಡಿಡಬಲ್ಲದು. ಪಿಷ್ಟಕ್ಕೂ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಸ್ವಲ್ಪ ಜಾಗವಿದೆ. ಸಸಾರಜನಕಕ್ಕೆ ಅಂಥ ಕಣಜವಿಲ್ಲ. ದುರಸ್ತಿಗೂ ಕಟ್ಟೋಣಕ್ಕೂ ಬೇಕಾದಷ್ಟನ್ನು ಬಳಸಿಕೊಂಡ ಮೇಲೆ, ಉಳಿದುದರಿಂದ ಯಕೃತ್ತು ಸಾರಜನಕವನ್ನು ಬೇರ್ಪಡಿಸಿ ಯೂರಿಯಾ ಮಾಡುತ್ತದೆ. ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಮಿಕ್ಕ ಭಾಗ ಉರಿದು ಶಕ್ತಿಯಾಗುತ್ತದೆ, ಇಲ್ಲವೆ ಸಕ್ಕರೆಯೋ ಕೊಬ್ಬೋ ಆಗುತ್ತದೆ. ಪ್ರೋಟೀನು ಎಷ್ಟು ತಿಂದರೂ ಮೈ ಬಾರದು ಎಂಬ ವ್ಯಾಯಾಮಶಾಲೆಯ ನಂಬಿಕೆ ಆದ್ದರಿಂದ ಸರಿಯಲ್ಲ. ಪಿಷ್ಟದಂತೆ ಅದಕ್ಕೂ ಗ್ರಾಮಿಗೆ 4 ಕ್ಯಾಲೊರಿ ಉಂಟು.

ಹಾಗಾದರೆ ತೂಕ ಇಳಿಸುವವರಿಗೆ ಅದನ್ನೇಕೆ ಹೇಳುತ್ತಾರೆ? ಕಾರಣವಿದೆ. ಊಟ ಕಡಿಮೆಯಾದಾಗ ದೇಹ ಕೊಬ್ಬನ್ನಷ್ಟೇ ಅಲ್ಲ, ಸ್ನಾಯುವನ್ನೂ ಕರಗಿಸುತ್ತದೆ. ತಕ್ಕಡಿಗೆ ಇವೆರಡರ ಭೇದ ತಿಳಿಯದು. ಐವತ್ತು ದಾಟಿದವರು ಒಮ್ಮೆ ಕಳೆದುಕೊಂಡ ಸ್ನಾಯುವನ್ನು ಮರಳಿ ಗಳಿಸುವುದು ಸುಲಭವಲ್ಲ. ಸಸಾರಜನಕ ತುಸು ಹೆಚ್ಚಿದ್ದು, ಜೊತೆಗೆ ಭಾರ ಎತ್ತುವಂಥ ವ್ಯಾಯಾಮವಿದ್ದರೆ ಈ ನಷ್ಟ ತಗ್ಗುತ್ತದೆ. ಹಸಿವೂ ಬೇಗ ತಣಿಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಹೇಳಿದ ಪ್ರಮಾಣ, ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. 65 ಕಿಲೋ ತೂಗುವವರಿಗೆ 54 ಗ್ರಾಂ ಆಯಿತು. ತೂಕ ಇಳಿಸುವಾಗ ಇದನ್ನು 1.2ರಿಂದ 1.6 ಗ್ರಾಮಿನವರೆಗೆ ಏರಿಸುವುದುಂಟು. ಇದಕ್ಕೂ ಮೇಲೆ ಹೋದರೆ, ಸಾಮಾನ್ಯ ವ್ಯಾಯಾಮ ಮಾಡುವವರಿಗೆ ಹೆಚ್ಚಿನ ಲಾಭ ಕಾಣುವುದಿಲ್ಲ. ಆರೋಗ್ಯವಂತರಿಗೆ 2 ಗ್ರಾಮಿನಿಂದ ಹಾನಿಯಾಯಿತೆಂಬುದಕ್ಕೆ ಬಲವಾದ ಆಧಾರವಿಲ್ಲ. ಆದರೆ ಅದು ದುಡ್ಡಿನ ವ್ಯರ್ಥ. ಇನ್ನೊಂದು ಮಾತು: ಲೆಕ್ಕ ಹಾಕಬೇಕಾದದ್ದು ಎತ್ತರಕ್ಕೆ ತಕ್ಕ ತೂಕದ ಮೇಲೆ. ನೂರು ಕಿಲೋದವರು ತಮ್ಮ ಕೊಬ್ಬಿಗೂ ಸಸಾರಜನಕ ಉಣಿಸಬೇಕಾಗಿಲ್ಲ.

ಸಸಾರಜನಕದ ಮೋಹ ಹೊಸದೇನಲ್ಲ. ಜರ್ಮನಿಯ ಫಾಯ್ಟ್ ಎಂಬ ವಿದ್ವಾಂಸ ಹತ್ತೊಂಬತ್ತನೆಯ ಶತಮಾನದಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಬೇಕೆಂದ. ಅಮೆರಿಕದ ಚಿಟ್ಟೆಂಡನ್ 1904ರಲ್ಲಿ ಅದರ ಅರ್ಧದಷ್ಟರಲ್ಲಿ ಮನುಷ್ಯರು ಗಟ್ಟಿಮುಟ್ಟಾಗಿ ಬದುಕಬಲ್ಲರೆಂದು ಪ್ರಯೋಗಗಳಿಂದ ತೋರಿಸಿದ. ನಮ್ಮಲ್ಲಿ ಕೊರತೆಯ ಚಿಂತೆಯೇ ದೊಡ್ಡದಾಗಿದ್ದ ಕಾಲದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ ಶೇಂಗಾ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ಸಿದ್ಧಪಡಿಸಿತು. ಅದು ಬಡವರ ಮಕ್ಕಳಿಗಾಗಿ ಮಾಡಿದ ಪುಡಿ. ಇಂದಿನ ಪುಡಿ ಉಳ್ಳವರಿಗಾಗಿ. ಹಾಲು ಒಡೆದು ಗಿಣ್ಣು ತೆಗೆದ ಮೇಲೆ ಉಳಿವ ತಿಳಿಯನ್ನು ಒಣಗಿಸಿ ಮಾಡಿದ್ದು. ಅತಿಯ ಪಾಠವನ್ನು ಅಮೆರಿಕ 1970ರ ದಶಕದಲ್ಲಿ ಕಟುವಾಗಿ ಕಲಿಯಿತು. ದ್ರವರೂಪದ ಪ್ರೋಟೀನನ್ನಷ್ಟೇ ಕುಡಿದು ತೂಕ ಇಳಿಸುವ ಪಥ್ಯ ಅಲ್ಲಿ ಹಬ್ಬಿತ್ತು. 1977-78ರ ಹೊತ್ತಿಗೆ 50ಕ್ಕೂ ಹೆಚ್ಚು ಸಾವುಗಳು ವರದಿಯಾದವು. ಕೆಲವರದು ಹೃದಯದ ಲಯ ತಪ್ಪಿ ಬಂದ ಸಾವು. ಅವರು ಸತ್ತದ್ದು ಪ್ರೋಟೀನಿನ ವಿಷದಿಂದಲ್ಲ. ಕೀಳ್ತರದ ಪ್ರೋಟೀನೊಂದನ್ನೇ ನಂಬಿ ಉಳಿದ ಆಹಾರವನ್ನೆಲ್ಲ ಬಿಟ್ಟದ್ದರಿಂದ. ಅಂದಿನ ಶಕ್ತಿಯಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಸಸಾರಜನಕದಿಂದಲೇ ಬರತೊಡಗಿದರೆ ಉಳಿದವು ತಟ್ಟೆಯಿಂದ ಜಾರತೊಡಗಿದುವೆಂದೇ ತಿಳಿಯಬೇಕು. ಮೊದಲ ದೂರು ಮಲಬದ್ಧತೆ.

ನಮ್ಮ ಊರಿನ ತಟ್ಟೆಯನ್ನು ನೋಡೋಣ. ಒಂದೂವರೆ ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 15 ಗ್ರಾಂ ಸಸಾರಜನಕ. 50 ಗ್ರಾಂ ಹೆಸರುಕಾಳಿನ ಪಲ್ಯದಲ್ಲಿ 12. 40 ಗ್ರಾಂ ತೊಗರಿಬೇಳೆಯಲ್ಲಿ 9. ಅರ್ಧ ಲೀಟರು ಹಾಲು-ಮೊಸರಿನಲ್ಲಿ 16. ಒಂದು ಹಿಡಿ ಪುಟಾಣಿಯಲ್ಲಿ ಹತ್ತರ ಸಮೀಪ. ಕೂಡಿಸಿದರೆ 60 ದಾಟಿತು, ಕ್ಯಾಲೊರಿ 1300ರ ಆಸುಪಾಸು. ಎರಡು ಮೊಟ್ಟೆ ತಿನ್ನುವವರಿಗೆ ಇನ್ನೂ 12. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳುಪಲ್ಯ ಕೂಡಿಸಿದ ನಮ್ಮ ಅಜ್ಜಿಯರು ಅಮೈನೋ ಆಮ್ಲಗಳ ಹೆಸರು ಕೇಳಿದವರಲ್ಲ. ಶೇಂಗಾದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದರಲ್ಲಿ ನಾಲ್ಕನೆಯ ಒಂದು ಪಾಲು ಸಸಾರಜನಕ ಹೌದು, ಆದರೆ ಅರ್ಧದಷ್ಟು ಎಣ್ಣೆ. ಶೇಂಗಾ ಚಟ್ನಿಯನ್ನು ಪ್ರೋಟೀನೆಂದು ಮುಷ್ಟಿಗಟ್ಟಲೆ ಬಡಿಸಿಕೊಳ್ಳುವವರ ತೂಕ ಇಳಿಯಲಾರದು. ಗಟ್ಟಿ ಎಮ್ಮೆಹಾಲಿಗೂ ಇದೇ ಮಾತು; ಕೆನೆ ತೆಗೆದರೆ ಸಸಾರಜನಕ ಉಳಿಯುತ್ತದೆ, ಜಿಡ್ಡು ಹೋಗುತ್ತದೆ.

ಗರಡಿಮನೆಯ ಪೈಲ್ವಾನರನ್ನು ಹಲವರು ಉದಾಹರಿಸುತ್ತಾರೆ. ಅವರ ಹಾಲು, ತುಪ್ಪ, ಬಾದಾಮಿಗಳಲ್ಲಿ ಸಸಾರಜನಕಕ್ಕಿಂತ ಜಿಡ್ಡಿನ ಶಕ್ತಿಯೇ ಹೆಚ್ಚು; ಅದನ್ನು ನೂರಾರು ದಂಡ-ಬಸ್ಕಿಗಳು ಕರಗಿಸುತ್ತಿದ್ದವು. ಸಾಮು ಬಿಟ್ಟು ಊಟ ಬಿಡದ ಪೈಲ್ವಾನರ ಹೊಟ್ಟೆಯನ್ನು ನಾವು ಕಂಡಿದ್ದೇವೆ.

ನನ್ನ ನಿಜವಾದ ಆತಂಕ ಇರುವುದು ಬೇರೆ ಕಡೆ. ಹತ್ತು ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ತೂಕ ಇಳಿಸಬೇಕೆಂಬ ಸದುದ್ದೇಶದಿಂದಲೇ, ಮಗ ತಂದ ಡಬ್ಬಿಯ ಪುಡಿಯನ್ನು ದಿನಕ್ಕೆ ಮೂರು ಸಲ ಕಲಸಿ ಕುಡಿಯುತ್ತಾರೆ. ಒಂದೊಂದು ಅಳತೆಗೆ ಸುಮಾರು 25 ಗ್ರಾಂ. ಊಟದ ಮೇಲೆ 75 ಗ್ರಾಂ ಹೆಚ್ಚಾಯಿತು. ಆರೋಗ್ಯವಂತ ಮೂತ್ರಪಿಂಡ ಸಸಾರಜನಕ ಹೆಚ್ಚಿದಾಗ ಸೋಸುವ ವೇಗವನ್ನೂ ಹೆಚ್ಚಿಸಿಕೊಂಡು ನಿಭಾಯಿಸುತ್ತದೆ. ಆಗಲೇ ಸವೆದ ಮೂತ್ರಪಿಂಡಕ್ಕೆ ಆ ದುಡಿತವೇ ಮತ್ತಷ್ಟು ಸವೆತ. ಅಂಥವರಲ್ಲಿ ಡಯಾಲಿಸಿಸ್ ಇನ್ನೂ ಬೇಕಾಗದವರಿಗೆ ವೈದ್ಯರು ಸಾಮಾನ್ಯವಾಗಿ ಕಿಲೋಗೆ 0.6ರಿಂದ 0.8 ಗ್ರಾಮಿನೊಳಗೇ ನಿಲ್ಲಿಸುತ್ತಾರೆ. ಇತರರಿಗೆ ಹಿತವಾದ 1.2 ಅವರಿಗೆ ಅತಿ. ಕಷ್ಟವೆಂದರೆ ಈ ಸವೆತ ನೋಯುವುದಿಲ್ಲ, ಮೂತ್ರವೂ ಎಂದಿನಂತೆ ಹೋಗುತ್ತಿರುತ್ತದೆ. ಮುಖ ಬಾತು ಕಾಲು ಊದಿಕೊಳ್ಳುವ ಹೊತ್ತಿಗೆ ಬಹುಪಾಲು ಕೆಲಸ ಮುಗಿದಿರುತ್ತದೆ. ಅದನ್ನು ಮೊದಲೇ ತಿಳಿಸಬಲ್ಲ ಪರೀಕ್ಷೆಗಳು ಎರಡು: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ಇವನ್ನು ಡಬ್ಬಿಯ ಮುಚ್ಚಳ ತೆರೆಯುವ ಮೊದಲು ಮಾಡಿಸಿ. ಅವಳಿ ನಗರದ ಯಾವ ಸಾಧಾರಣ ಪ್ರಯೋಗಾಲಯದಲ್ಲಿಯೂ ಆಗುತ್ತದೆ, ಆ ಡಬ್ಬಿಯ ಬೆಲೆಗಿಂತ ಬಹಳ ಕಡಿಮೆ ಖರ್ಚಿನಲ್ಲಿ.