ಹೈಡ್ರಾಂಜಿಯಾ ಎಲೆ ಹಳದಿಯಾಯಿತೇ?

ಮಡಿಕೇರಿ, ಊಟಿ ಕಡೆಯ ತೋಟಗಳಲ್ಲಿ ಚೆಂಡಿನಷ್ಟು ದಪ್ಪಗೆ ಅರಳುವ ನೀಲಿ, ಗುಲಾಬಿ ಹೂಗೊಂಚಲನ್ನು ನೀವು ನೋಡಿರಬಹುದು. ಅದೇ ಹೈಡ್ರಾಂಜಿಯಾ. ತಂಪು ಬಯಸುವ ಈ ಗಿಡವನ್ನು ಆಸೆಪಟ್ಟು ನರ್ಸರಿಯಿಂದ ತಂದು ನೆಟ್ಟ ಎರಡೇ ವಾರಕ್ಕೆ ಎಲೆ ಹಳದಿ! ‘ನೀರು ಸಾಲದು’ ಎನ್ನುತ್ತಾರೆ ಅಜ್ಜಿ. ‘ಗೊಬ್ಬರ ಹಾಕು’ ಎನ್ನುತ್ತಾರೆ ಅಜ್ಜ. ಎರಡನ್ನೂ ಒಟ್ಟಿಗೆ ಸುರಿದರೆ ಗಿಡ ಉಳಿಯುವುದು ಕಷ್ಟ.

ಮಕ್ಕಳೇ, ಮೊದಲು ಕಾಂಡದ ಪಕ್ಕದ ಮಣ್ಣಿಗೆ ಎರಡು ಇಂಚು ಬೆರಳಿಳಿಸಿ. ಕೆಸರಾಗಿದ್ದರೆ ಕಾರಣ ಬಹುಶಃ ಅಲ್ಲೇ ಇದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಎಲೆ ಜೋಲುತ್ತದೆ. ಅದನ್ನು ಬಾಯಾರಿಕೆ ಎಂದುಕೊಂಡು ನಾವು ಮತ್ತೊಂದು ತಂಬಿಗೆ ಹೊಯ್ಯುತ್ತೇವೆ! ಹೈಡ್ರಾಂಜಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ನೀರಿನ ಪಾತ್ರೆ, ನಿಜ. ಆದರೆ ಅದು ಬೀಜಕೋಶದ ಆಕಾರ ಕಂಡು ಇಟ್ಟ ಹೆಸರು. ಕುಂಡದ ತಳದ ತೂತು ಮುಚ್ಚಿದೆಯೇ ನೋಡಿ, ಮೇಲ್ಮಣ್ಣು ಆರುವವರೆಗೆ ನೀರು ನಿಲ್ಲಿಸಿ.

ಬೆರಳಿಗೆ ಒಣಮಣ್ಣು ಸಿಕ್ಕಿ, ಎಲೆಯ ಅಂಚು ಕಂದಾಗಿದ್ದರೆ ಬಿಸಿಲು ಹೆಚ್ಚಾಗಿದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗಕ್ಕೆ ಕುಂಡ ಸರಿಸಿ, ಬುಡಕ್ಕೆ ತರಗೆಲೆ ಹೊದಿಸಿ.

ಮಣ್ಣು ಹದವಾಗಿದ್ದೂ ಎಲೆ ಹಳದಿಯೇ? ಈಗ ಭೂತಗನ್ನಡಿ ತನ್ನಿ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ, ಸುಣ್ಣದಂಶ ಹೆಚ್ಚಿದಾಗ ಬೇರು ಅದನ್ನು ಹೀರಲಾರದು. ಬೋರ್‌ವೆಲ್‌ನ ಗಡಸು ನೀರು, ಸಿಮೆಂಟು ಗಾರೆ ಬೆರೆತ ಮಣ್ಣು ಇದಕ್ಕೆ ಕಾರಣವಾಗಬಹುದು. ಮಳೆನೀರು ಹಿಡಿದಿಟ್ಟು ಹಾಕಿ ನೋಡಿ. ಹೂವಿನ ಬಣ್ಣವೂ ಇದರ ಸುಳಿವು ಕೊಡುತ್ತದೆ: ಹಲವು ತಳಿಗಳು ಹುಳಿಮಣ್ಣಿನಲ್ಲಿ ನೀಲಿ, ಸುಣ್ಣದ ಮಣ್ಣಿನಲ್ಲಿ ಗುಲಾಬಿ. ಹಾಗಲ್ಲದೆ ಕೆಳಗಿನ ಹಳೆಯ ಎಲೆಗಳು ನರಸಮೇತ ಒಂದೇ ಸಮನೆ ಹಳದಿಯಾಗುತ್ತಾ ಮೇಲಕ್ಕೆ ಹಬ್ಬಿದರೆ ಸಾರಜನಕದ ಕೊರತೆ. ಆಗ ಅಜ್ಜನ ಮಾತೇ ಸರಿ, ಒಂದು ಹಿಡಿ ಚೆನ್ನಾಗಿ ಕಳಿತ ಸಗಣಿಗೊಬ್ಬರ ಸಾಕು.

ಜಾಗ ಬದಲಾದ ಗಿಡ ಕೆಳಗಿನ ಎರಡು ಮೂರು ಎಲೆ ಉದುರಿಸುವುದು ಸಹಜ. ಹೊಸ ಚಿಗುರು ಹಸಿರಾಗಿದ್ದರೆ ಅದರ ಪಾಡಿಗೆ ಬಿಡಿ. ಉದುರಿದ ಎಲೆಯನ್ನು ಮಾತ್ರ ಕರುವಿಗೋ ನಾಯಿಮರಿಗೋ ಸಿಗದಂತೆ ಎತ್ತಿಬಿಡಿ, ಅದರಲ್ಲಿ ವಿಷದಂಶವಿದೆ. ಪುಟ್ಟ ತಮ್ಮ ತಂಗಿಯರು ಬಾಯಿಗಿಟ್ಟುಕೊಳ್ಳದಂತೆಯೂ ನೋಡಿಕೊಳ್ಳಿ.