ಹದಿನಾಲ್ಕರಿಂದ ಹದಿನೆಂಟು: ಕೈಜಾರುವ ಮಕ್ಕಳಿಗೆ ಸಮುದಾಯದ ಆಸರೆ



ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣೆ ಮತ್ತು ಘಟಪ್ರಭೆಯರ ನೀರುಂಡು ಬೆಳೆದ ನಾಡು. ಕಬ್ಬು, ಸಕ್ಕರೆ ಮತ್ತು ನೇಯ್ಗೆ ಇಲ್ಲಿಯ ಬದುಕಿನ ಆಧಾರ. ಆದರೂ ಈ ನಾಡಿನಲ್ಲಿಯೇ ಹತ್ತನೆಯ ತರಗತಿಯ ಸುಮಾರಿಗೆ ಶಾಲೆಯ ಹಾಜರಿ ಪುಸ್ತಕದಿಂದ ಸದ್ದಿಲ್ಲದೆ ಮರೆಯಾಗುವ ಮಕ್ಕಳಿದ್ದಾರೆ. ಅವರು ಎಲ್ಲಿ ಹೋಗುತ್ತಾರೆ, ಅವರಿಗೆ ಯಾವ ಆಸರೆಗಳಿವೆ, ಭಕ್ತರಾದ ನಾವು ಏನು ಮಾಡಬೇಕು ಎಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಅಪಾಯ ಎಲ್ಲಿದೆ?

ಕಡ್ಡಾಯ ಶಿಕ್ಷಣದ ಹಕ್ಕು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಆದರೆ ಕಾನೂನಿನ ದೃಷ್ಟಿಯಲ್ಲಿ 18 ತುಂಬುವವರೆಗೂ ಅವರು ಮಕ್ಕಳೇ. ಈ ನಡುವಿನ ನಾಲ್ಕು ವರ್ಷಗಳಲ್ಲಿಯೇ ಹಿಡಿತ ಸಡಿಲವಾಗುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿಯರು ಗುಂಪು ಕಟ್ಟಿಕೊಂಡು ಊರು ಬಿಟ್ಟಾಗ ಹಿರಿಯ ಮಗಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತಲು ಕುಳಿತ ಹುಡುಗ ಮಗ್ಗದಿಂದ ಮೇಲೇಳುವುದೇ ಇಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಬೀಳಗಿ ಭಾಗದ ಕುಟುಂಬಗಳಲ್ಲಿ ಹಳೆಯ ಓಣಿಯ ಹಿರಿಯರ ಕಣ್ಗಾವಲೂ ಚದುರಿಹೋಗಿದೆ. ಇವೆಲ್ಲದರ ಜೊತೆಗೆ ಗುಟ್ಕಾ, ಮದ್ಯ, ಮೊಬೈಲ್ ಜೂಜು ಮತ್ತು ಪರೀಕ್ಷೆಯ ಭಯ ಸೇರಿಕೊಳ್ಳುತ್ತವೆ.

ಇನ್ನೊಂದು ಮಾತನ್ನು ಮುಚ್ಚಿಡಲಾಗದು. ದೇವದಾಸಿ ಸಮರ್ಪಣೆಯನ್ನು ನಮ್ಮ ರಾಜ್ಯವು 1982ರ ಕಾಯ್ದೆಯಿಂದ ನಿಷೇಧಿಸಿದೆ. ಆದರೂ ಆ ತಾಯಂದಿರ ಮಕ್ಕಳು ತಂದೆಯ ಹೆಸರು ಕೇಳುವ ಪ್ರತಿ ಅರ್ಜಿಯ ಮುಂದೆಯೂ ಇಂದಿಗೂ ತಲೆ ತಗ್ಗಿಸಿ ನಿಲ್ಲುತ್ತಾರೆ. ಕುಲ ಕೇಳದ ಧರ್ಮ ನಮ್ಮದು ಎಂದು ಹೇಳಿಕೊಳ್ಳುವವರು ಮೊದಲು ಅಪ್ಪಿಕೊಳ್ಳಬೇಕಾದದ್ದು ಈ ಮಕ್ಕಳನ್ನು.

ಕಾಯಕವೂ ಬಾಲದುಡಿಮೆಯೂ ಒಂದಲ್ಲ

‘ಮಗ ಕಾಯಕ ಕಲಿಯುತ್ತಿದ್ದಾನೆ, ತಪ್ಪೇನು?’ ಎಂದು ಕೆಲವರು ಕೇಳುತ್ತಾರೆ. ಕಾಯಕವೆಂಬುದು ಅರಿತು, ಒಪ್ಪಿ ಮಾಡುವ ದುಡಿಮೆ. ಸಾಲದ ಮುಂಗಡ ತೀರಿಸಲು ಮಗುವನ್ನು ಒತ್ತೆಯಿಟ್ಟರೆ ಅದು ಕಾಯಕವಾಗದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು 14ರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತದೆ. ಮನೆತನದ ಅಪಾಯರಹಿತ ಕೆಲಸದಲ್ಲಿ ಶಾಲೆಯ ವೇಳೆಯ ನಂತರ ನೆರವಾಗುವುದಕ್ಕೆ ಅಲ್ಲಿ ಅವಕಾಶವಿದೆ. 14ರಿಂದ 18ರವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವಂತಿಲ್ಲ.

ಇರುವ ಆಸರೆಗಳು

*ಮಕ್ಕಳ ಸಹಾಯವಾಣಿ 1098.* ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ. ಮಗು ತಾನೇ ಕರೆ ಮಾಡಬಹುದು, ನೆರೆಯವರೂ ಮಾಡಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ನೆರವು ಬರುತ್ತದೆ. ರಕ್ಷಣೆ ಬೇಕಾದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲಾಗುತ್ತದೆ. ‘ಮಗುವನ್ನು ಒಯ್ದುಬಿಡುತ್ತಾರೆ’ ಎಂಬ ಹೆದರಿಕೆ ಬೇಡ. ಮಗು ಆದಷ್ಟು ಮಟ್ಟಿಗೆ ಕುಟುಂಬದಲ್ಲಿಯೇ ಬೆಳೆಯಬೇಕು, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂಬುದೇ 2015ರ ಬಾಲನ್ಯಾಯ ಕಾಯ್ದೆಯ ಮೂಲತತ್ತ್ವ.

*ಪ್ರಾಯೋಜಕತ್ವ.* ತಾಯಿ ವಿಧವೆಯಾಗಿದ್ದರೆ ಅಥವಾ ಪರಿತ್ಯಕ್ತೆಯಾಗಿದ್ದರೆ, ತಂದೆತಾಯಿ ತೀವ್ರ ಕಾಯಿಲೆಯಿಂದ ನರಳುತ್ತಿದ್ದರೆ, ಅನಾಥ ಮಗು ಬಂಧುಗಳ ಮನೆಯಲ್ಲಿದ್ದರೆ, ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿಗಳ ನೆರವಿಗೆ ಅರ್ಜಿ ಸಲ್ಲಿಸಬಹುದು. ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ, ಇತರೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಬರೆಯಲು ಬಾರದ ಅಜ್ಜಿಗೆ ಆ ಒಂದು ಹಾಳೆ ತುಂಬಿಕೊಡುವುದೂ ದಾಸೋಹವೇ.

*ಮನಸ್ಸಿನ ನೋವಿಗೆ.* ಟೆಲಿ-ಮಾನಸ್ ದೂರವಾಣಿ 14416 ಕನ್ನಡದಲ್ಲಿಯೂ ಹಗಲಿರುಳು ಲಭ್ಯವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಹದಿಹರೆಯದವರ ದೇಹ ಹಾಗೂ ಮನಸ್ಸಿನ ತೊಂದರೆಗಳಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ಮಗು ಊಟ ಬಿಟ್ಟರೆ, ಗೆಳೆಯರನ್ನು ತೊರೆದರೆ, ‘ನಾನಿದ್ದು ಏನು ಪ್ರಯೋಜನ’ ಎಂದರೆ ಅದನ್ನು ಸೊಕ್ಕೆಂದು ಗದರಿಸಬೇಡಿ. ಪಕ್ಕದಲ್ಲಿ ಕುಳಿತು ಕೇಳಿರಿ, ಒಂಟಿಯಾಗಿ ಬಿಡಬೇಡಿರಿ, ಅಂದೇ ಕರೆ ಮಾಡಿರಿ.

*ಓದು ಮುಂದುವರಿಸಲು.* ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆಯಿದೆ. ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮಗು ಆ ವರ್ಷವನ್ನೇ ಕಳೆದುಕೊಳ್ಳಬೇಕಿಲ್ಲ. ಶಾಲೆ ಬಿಟ್ಟವರಿಗೆ ಮುಕ್ತ ಶಾಲೆಯ ದಾರಿಯಿದೆ. ಐಟಿಐಯ ಕೆಲವು ವೃತ್ತಿಗಳಿಗೆ ಎಂಟನೆಯ ತರಗತಿ ತೇರ್ಗಡೆಯಾಗಿದ್ದರೂ ಸಾಕು. ಇರಲು ನೆಲೆಯಿಲ್ಲದವರಿಗೆ ಹಿಂದುಳಿದ ವರ್ಗಗಳ ಹಾಗೂ ಸಮಾಜ ಕಲ್ಯಾಣ ಇಲಾಖೆಗಳ ವಸತಿ ನಿಲಯಗಳಿವೆ.

ಮದುವೆಯ ಮಂಟಪದಲ್ಲಿ ನಮ್ಮ ಹೊಣೆ

ಇಲ್ಲಿ ಮಾತು ನೇರವಾಗಿ ನಮ್ಮ ಕಡೆಗೇ ತಿರುಗುತ್ತದೆ. 18 ತುಂಬದ ಹುಡುಗಿಯ, 21 ತುಂಬದ ಹುಡುಗನ ಮದುವೆ ಬಾಲ್ಯವಿವಾಹ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಆರಂಭದಿಂದಲೇ ಅಸಿಂಧು. ಅದನ್ನು ನಡೆಸಿಕೊಟ್ಟವರಿಗೂ, ಪ್ರೋತ್ಸಾಹಿಸಿದವರಿಗೂ ಎರಡು ವರ್ಷಗಳವರೆಗಿನ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡವಿದೆ. ಅಕ್ಷತೆ ಹಾಕಲು ಹೋದ ಅತಿಥಿಯೂ ಸ್ವಾಮಿಗಳೂ ಇದರಿಂದ ಹೊರತಲ್ಲ. ಆದುದರಿಂದ ಸಾಮೂಹಿಕ ವಿವಾಹ ನಡೆಸುವ ಪ್ರತಿ ಮಠವೂ ಶಾಲಾ ದಾಖಲೆ ಅಥವಾ ಜನನ ಪ್ರಮಾಣಪತ್ರ ನೋಡದೆ ಹೆಸರು ಬರೆದುಕೊಳ್ಳಬಾರದು. ‘ಅಜ್ಜಾವರ, ಮುಹೂರ್ತ ತಪ್ಪತೈತ್ರಿ’ ಎಂದು ಬೇಡಿಕೊಂಡರೂ ಮಣಿಯಬಾರದು. ತಡೆಯಲು 1098ಕ್ಕೆ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ತಿಳಿಸಿದರಾಯಿತು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದುಬಂದರೆ, 2012ರ ಪೋಕ್ಸೋ ಕಾಯ್ದೆಯಂತೆ ದೂರು ನೀಡುವುದು ಕಡ್ಡಾಯ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಪಂಚರು ಕುಳಿತು ರಾಜಿ ಮಾಡಿಸುವುದು ಮಗುವಿಗೆ ಮಾಡುವ ಎರಡನೆಯ ಅನ್ಯಾಯ. ಮಗುವಿನ ಗುರುತು ಬಹಿರಂಗಪಡಿಸುವುದೂ ಅಪರಾಧ.

ಪರಂಪರೆ ನೀಡುವ ದಾರಿ

ನಮಗಿದು ಹೊಸ ಕೆಲಸವಲ್ಲ. 1906ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಈ ಭಾಗಕ್ಕೆ ಅಕ್ಷರದ ಬೆಳಕು ತಂದಿತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ.

ಇಂದು ಪ್ರತಿ ಊರಿನ ಭಕ್ತಮಂಡಳಿಯು ಮಾಡಬಹುದಾದದ್ದು ಇಷ್ಟು: ಓಣಿಯಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಗುರುತಿಸಿ ಅವರ ಮನೆಗೆ ಹೋಗುವುದು, ಕಬ್ಬಿನ ಹಂಗಾಮಿನಲ್ಲಿ ಅವರ ಊಟ, ವಸತಿಯ ಹೊಣೆ ಹೊರುವುದು, ಸಂಜೆ ಮಠದ ಪಡಸಾಲೆಯನ್ನು ಓದಿಗೆ ತೆರೆದಿಡುವುದು, ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ನಿರ್ಭಯವಾಗಿ ಮಾತನಾಡುವಂತೆ ನೋಡಿಕೊಳ್ಳುವುದು, 1098 ಮತ್ತು 14416 ಸಂಖ್ಯೆಗಳನ್ನು ಗುಡಿ, ಮಠ, ಮಗ್ಗದ ಮನೆಗಳ ಗೋಡೆಯ ಮೇಲೆ ಬರೆಸುವುದು.

ಜಾತ್ರೆಯ ತೇರು ಎಳೆಯಲು ಸಾವಿರ ಕೈಗಳು ಸೇರುತ್ತವೆ. ಶಾಲೆಯ ದಾರಿ ತಪ್ಪಿದ ಒಂದು ಮಗುವನ್ನು ಮರಳಿ ಕರೆತರಲು ಎರಡು ಕೈಗಳು ಸಾಕು. ಆ ಕೈಗಳು ನಮ್ಮವಾಗಲಿ.