ಖಾಕಿ ತೊಟ್ಟ ನೆರೆಮನೆಯವರು

ಕುಂಬ್ರದಲ್ಲಿ ಮಾಣಿ–ಮೈಸೂರು ಹೆದ್ದಾರಿ ಬಿಟ್ಟು ಬೆಳ್ಳಾರೆ ರಸ್ತೆಗೆ ತಿರುಗಿದರೆ ಸ್ವಲ್ಪದರಲ್ಲೇ ತಿಂಗಳಾಡಿ. ಕೆದಂಬಾಡಿ ಗ್ರಾಮಕ್ಕೆ ಪೇಟೆ ಎಂದರೆ ಇದೇ. ಪೇಟೆ ದಾಟಿದ ಮೇಲೆ ಬಯಲುಸೀಮೆಯ ಹಳ್ಳಿಗಳಲ್ಲಿರುವಂತೆ ಸಾಲುಮನೆಗಳಿಲ್ಲ, ಓಣಿಗಳಿಲ್ಲ. ಒಂದು ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇದ್ದು, ಅಂಗಳದ ತುಂಬ ಅಡಿಕೆ ಹರವಿಕೊಂಡು ವಯಸ್ಸಾದ ಇಬ್ಬರೇ ಉಳಿದಿರುವ ಮನೆಗಳೂ ಇವೆ. ಇಂಥ ಊರನ್ನು ಕಾಯುವ ಹೊಣೆ ಸಂಪ್ಯದಲ್ಲಿರುವ ಪುತ್ತೂರು ಗ್ರಾಮಾಂತರ ಠಾಣೆಯದು. ಠಾಣೆಯ ಜೀಪು ಡಾಂಬರು ರಸ್ತೆಯಲ್ಲಿ ಎಷ್ಟು ಸಲ ಓಡಾಡಿದರೂ ತೋಟದೊಳಗಿನ ಮನೆ ಅದಕ್ಕೆ ಕಾಣುವುದಿಲ್ಲ. ಆ ಮನೆಯನ್ನು ಬಲ್ಲವರು ಬೇಕು, ಅವರ ಮಾತು ಠಾಣೆಯಲ್ಲಿ ನಡೆಯಬೇಕು. ಪೊಲೀಸರಿಗೆ ನೆರವಾಗಿ ನಿಲ್ಲುವ ಊರಿನವರ ಬಗ್ಗೆ ಈ ಅಧ್ಯಾಯದಲ್ಲಿ ಹೇಳುತ್ತೇವೆ.

ಈ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ 1816ರ ಕಟ್ಟಳೆಯೊಂದು ಊರಿನ ಮುಖ್ಯಸ್ಥರಾದ ಪಟೇಲರಿಗೇ ಪೊಲೀಸ್ ಕೆಲಸವನ್ನು ಒಪ್ಪಿಸಿತ್ತು. ಪಟೇಲರ ಕೈಕೆಳಗೆ ಓಡಾಡುವ ಆಳು ಉಗ್ರಾಣಿ. ಯಾರ ಮನೆಗೆ ಯಾವ ಕಾಲುದಾರಿ, ಯಾರ ಜಾಗದ ತಕರಾರು ಯಾರೊಡನೆ ಎನ್ನುವುದು ಆತನಿಗೆ ಬಾಯಿಪಾಠ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ಕೊನೆಗೊಳಿಸಿತು. ಅದು ನ್ಯಾಯವೇ, ಏಕೆಂದರೆ ಹುಟ್ಟಿನಿಂದ ಬರುವ ಅಧಿಕಾರ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಆದರೆ ಅದರ ಜೊತೆಗೆ ಊರಿನ ತಿಳಿವಳಿಕೆಯೂ ಠಾಣೆಯಿಂದ ದೂರವಾಯಿತು. ನಮ್ಮ ಕಡೆಯ ಠಾಣೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಕಾನ್‌ಸ್ಟೆಬಲ್‌ಗಳು ಬಹಳ ಮಂದಿ. ಶ್ರದ್ಧೆಯಿಂದ ದುಡಿಯುವ ಹುಡುಗರು. ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಹವ್ಯಕ ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಬರುವ ಊರಿಗೆ ಬಂದಾಗ ಅವರಿಗೆ ಮೊದಲ ಕೆಲವು ತಿಂಗಳು ಕಷ್ಟವೇ. ಅಜ್ಜಿಯೊಬ್ಬರು ತುಳುವಿನಲ್ಲಿ ಹೇಳಿಕೊಂಡ ದೂರಿನ ಅರ್ಧ ಭಾಗ ಅವರಿಗೆ ದಾಟದೇ ಹೋಗಬಹುದು.

ಈ ಅಂತರವನ್ನು ಕಡಿಮೆ ಮಾಡಲು ಇಲಾಖೆ 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ತಂದಿತು. ಆಗ ರೂಪಕ್ ಕುಮಾರ್ ದತ್ತಾ ರಾಜ್ಯದ ಪೊಲೀಸ್ ಮಹಾನಿರ್ದೇಶಕರು. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ ಹಂಚಿ, ಒಂದೊಂದನ್ನು ಒಬ್ಬ ಕಾನ್‌ಸ್ಟೆಬಲ್‌ಗೋ ಹೆಡ್ ಕಾನ್‌ಸ್ಟೆಬಲ್‌ಗೋ ವಹಿಸಿ, ಅಲ್ಲಿನ ನಾಗರಿಕರನ್ನು ಸದಸ್ಯರಾಗಿ ಸೇರಿಸಿಕೊಳ್ಳುವುದು ಇದರ ಕ್ರಮ. 2025ರ ಜುಲೈಯಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಎಂಬ ಯೋಜನೆಯನ್ನೂ ಆರಂಭಿಸಿತು. ನೆರೆಯ ಕೇರಳದಲ್ಲಿ 2008ರಿಂದಲೇ 'ಜನಮೈತ್ರಿ' ಇದೆ. ಪಾಣಾಜೆಯಾಚೆಯ ಕಾಸರಗೋಡಿನ ನೆಂಟರನ್ನು ಕೇಳಿದರೆ ಮನೆಗೆ ಬರುವ ಬೀಟ್ ಪೊಲೀಸರ ಬಗ್ಗೆ ಹೇಳಿಯಾರು. ಇಂಗ್ಲೆಂಡಿನಲ್ಲಿ 2002ರ ಕಾಯ್ದೆಯ ಮೂಲಕ ಇದಕ್ಕೆಂದೇ ಸಂಬಳದ ಹುದ್ದೆ ಬಂತು. ಸಮವಸ್ತ್ರ ತೊಟ್ಟ ಈ ಸಮುದಾಯ ಸಹಾಯಕರಿಗೆ ಪೊಲೀಸರಂತೆ ಬಂಧಿಸುವ ಅಧಿಕಾರವಿಲ್ಲ. ಅಧಿಕಾರಿ ಬರುವವರೆಗೆ ಒಬ್ಬನನ್ನು ಹೆಚ್ಚೆಂದರೆ 30 ನಿಮಿಷ ನಿಲ್ಲಿಸಿಕೊಳ್ಳಬಹುದು, ಅದೂ ಆ ಅಧಿಕಾರವನ್ನು ಪ್ರತ್ಯೇಕವಾಗಿ ಕೊಟ್ಟಿದ್ದರೆ ಮಾತ್ರ. ಕೇರಿ ಸುತ್ತುವುದು, ಜನರೊಡನೆ ಮಾತಾಡುವುದು, ಕಂಡದ್ದನ್ನು ತಿಳಿಸುವುದು ಅವರ ದಿನದ ಕೆಲಸ.

ಬೀಟ್ ಸದಸ್ಯರಾಗಲು ಸಮವಸ್ತ್ರವೂ ಬೇಡ, ಸಂಬಳವೂ ಇಲ್ಲ. ಅಡಿಕೆ ಕಳವು ಹೆಚ್ಚುವ ಕಾಲದಲ್ಲಿ ಗೊತ್ತಿಲ್ಲದ ಪಿಕಪ್ ವಾಹನ ರಾತ್ರಿ ತೋಟದ ದಾರಿಗೆ ಇಳಿದರೆ ಅದರ ನಂಬರು ಬರೆದಿಟ್ಟುಕೊಳ್ಳುವುದು, ಒಂಟಿ ವೃದ್ಧರ ಮನೆ ಯಾವುದೆಂದು ಬೀಟ್ ಪೊಲೀಸರಿಗೆ ತೋರಿಸುವುದು, ಮಳೆಗೆ ಗುಡ್ಡ ಜರಿದು ದಾರಿ ಮುಚ್ಚಿದ್ದನ್ನು ತಿಳಿಸುವುದು, ಇವೆಲ್ಲ ಸಾಮಾನ್ಯ ಜನ ಮಾಡಬಹುದಾದ ಕೆಲಸಗಳು. ಚುನಾವಣೆ ಬಂದಾಗ ತೋಟದ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಸೂಚನೆ ಬರುತ್ತದೆ. ಹಂದಿ, ಮಂಗಗಳ ಕಾಟದಲ್ಲಿರುವ ಕೃಷಿಕರಿಗೆ ಅದು ಸಿಟ್ಟು ತರಿಸುವ ವಿಷಯ. ವಿನಾಯಿತಿಗೆ ಅರ್ಜಿ ಕೊಡುವ ದಾರಿ ಇದೆಯೆಂದು ಊರಿನವರೇ ಒಬ್ಬರು ಶಾಂತವಾಗಿ ತಿಳಿಸಿದರೆ ಠಾಣೆಯ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಇದಕ್ಕಿಂತ ಹೆಚ್ಚಿನ ಹೊಣೆ ಹೊರಲು ಮನಸ್ಸಿದ್ದವರಿಗೆ ತೆರೆದಿರುವ ಬಾಗಿಲು ಗೃಹರಕ್ಷಕ ದಳ. ನಮ್ಮ ಜನ ಹೋಮ್‌ಗಾರ್ಡ್ ಎಂದೇ ಕರೆಯುವುದು. ಈ ದಳ ಹುಟ್ಟಿದ್ದು 1946ರ ಡಿಸೆಂಬರಿನಲ್ಲಿ, ಮುಂಬಯಿಯಲ್ಲಿ. ಕೋಮುಗಲಭೆಯಿಂದ ನಗರ ಕಂಗೆಟ್ಟಿದ್ದಾಗ ಪೊಲೀಸರ ಜೊತೆಗೆ ನಿಂತು ಶಾಂತಿ ಕಾಪಾಡಲು ನಾಗರಿಕರನ್ನೇ ಕೂಡಿಸಿ ಕಟ್ಟಿದ ಪಡೆ ಇದು. ಕರಾವಳಿಯವರು ಈ ಹುಟ್ಟನ್ನು ಮರೆಯಬಾರದು. 1962ರ ಚೀನಾ ಯುದ್ಧದ ಬಳಿಕ ದೇಶದಾದ್ಯಂತ ಇದನ್ನು ಹೊಸದಾಗಿ ಸಂಘಟಿಸಿದರು. ನಮ್ಮ ರಾಜ್ಯದ ಗೃಹರಕ್ಷಕ ಕಾಯ್ದೆಯೂ ಅದೇ ವರ್ಷದ್ದು. ದಳದ ಧ್ಯೇಯವಾಕ್ಯ 'ನಿಷ್ಕಾಮ ಸೇವೆ'. ಜಿಲ್ಲಾ ಕಚೇರಿ ಮಂಗಳೂರಿನ ಮೇರಿಹಿಲ್‌ನಲ್ಲಿದೆ. ಪುತ್ತೂರು, ಉಪ್ಪಿನಂಗಡಿ, ಕಡಬ, ಬೆಳ್ಳಾರೆ, ಸುಳ್ಯ, ಸುಬ್ರಹ್ಮಣ್ಯಗಳಲ್ಲಿ ಘಟಕಗಳಿದ್ದು, ಒಂದೊಂದಕ್ಕೂ ಒಬ್ಬ ಘಟಕಾಧಿಕಾರಿ ಇರುತ್ತಾರೆ. ಜಿಲ್ಲೆಯ ಸಮಾದೇಷ್ಟರಾಗಿದ್ದ ಡಾ. ಮುರಲೀಮೋಹನ ಚೂಂತಾರು ವೃತ್ತಿಯಿಂದ ದಂತವೈದ್ಯರು. ಸಾಲಿನ ಕೊನೆಯಲ್ಲಿ ನಿಲ್ಲುವವರಲ್ಲೂ ರಿಕ್ಷಾ ಓಡಿಸುವವರು, ಕೃಷಿಕರು, ಅಂಗಡಿಯವರು ಇರುತ್ತಾರೆ. ಬೇರೆ ಕಸುಬು ಇಟ್ಟುಕೊಂಡೇ ಮಾಡುವ ಸೇವೆ ಇದು.

ಸೇರಿದವರಿಗೆ ಮೂಲ ತರಬೇತಿ ಇದೆ, ಬಳಿಕ ವಾರದ ಕವಾಯತು. ಲಾಠಿ, ಸಂಚಾರ ನಿಯಂತ್ರಣ, ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ಹಗ್ಗ ಕಟ್ಟಿ ಜನರನ್ನು ಪಾರುಮಾಡುವುದು, ಎಲ್ಲವನ್ನೂ ಕಲಿಸುತ್ತಾರೆ. ಕರೆ ಬಂದಾಗ ಕರ್ತವ್ಯಕ್ಕೆ ಹೋಗಬೇಕು: ಮತಗಟ್ಟೆ, ಜಾತ್ರೆ, ಕುಕ್ಕೆಯ ಚಂಪಾಷಷ್ಠಿ, ರಾತ್ರಿ ಗಸ್ತು. ಕುಮಾರಧಾರಾ ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿಯಲ್ಲಿ 1923 ಮತ್ತು 1974ರ ನೆರೆಗಳನ್ನು ಜನ ಈಗಲೂ ನೆನೆಯುತ್ತಾರೆ. ಅಲ್ಲಿ ಮಳೆಗಾಲದಲ್ಲಿ ಗೃಹರಕ್ಷಕರ ರಕ್ಷಣಾ ತಂಡ ದೋಣಿಯೊಂದಿಗೆ ಸಿದ್ಧವಾಗಿರುತ್ತದೆ. ಹೊಳೆಯ ಸುಳಿ ಎಲ್ಲಿ, ಕಡವು ಎಲ್ಲಿ ಎಂದು ಹುಟ್ಟಿನಿಂದ ಬಲ್ಲವರ ತಂಡ ಅದು. ದೂರದಿಂದ ಬರುವ ಯಾವ ಪಡೆಯೂ ಮೊದಲ ಅರ್ಧ ಗಂಟೆಯಲ್ಲಿ ಅಷ್ಟು ನೆರವಾಗಲಾರದು.

ಹಣದ ವಿಚಾರ ಮುಚ್ಚಿಡಬಾರದು. ಇದು ಕಾಯಂ ನೌಕರಿಯಲ್ಲ. ಕರ್ತವ್ಯ ಮಾಡಿದ ದಿನಕ್ಕೆ ಭತ್ಯೆ, ಇಲ್ಲದ ದಿನಕ್ಕೆ ಇಲ್ಲ. ಹಿಮಾಚಲ ಪ್ರದೇಶದ ಗೃಹರಕ್ಷಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಇವರನ್ನು ಕಾಯಂಗೊಳಿಸಲು ಆಗದು, ಆದರೆ 30 ದಿನ ದುಡಿದರೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನದಷ್ಟಾದರೂ ಸಿಗುವಂತೆ ಭತ್ಯೆ ಕೊಡಬೇಕು ಎಂದಿತು. ಸಂಸಾರ ಸಾಗಿಸಲು ಇದೊಂದನ್ನೇ ನಂಬಿ ಬರುವ ಯುವಕರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಜೊತೆಗೊಂದು ದುಡಿಮೆ ಇರಲಿ. ಸರ್ಕಾರಕ್ಕೂ ಒಂದು ಮಾತು: ನೆರೆಯ ನೀರಿಗೆ ಇಳಿಯುವವರ ಮನೆಗೆ ವರ್ಷವಿಡೀ ಅಕ್ಕಿ ಬೇಕು. ಅವರಿಗೆ ಕರ್ತವ್ಯದ ದಿನಗಳು ಸರಿಯಾಗಿ ಸಿಗಬೇಕು.

ಇನ್ನು ಅಧಿಕಾರದ ಗಡಿ. ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಒತ್ತಿ ಹೇಳಲೇಬೇಕು. ಕರೆ ಬಂದು ಕರ್ತವ್ಯದಲ್ಲಿರುವ ಗೃಹರಕ್ಷಕರಿಗೆ ಕಾಯ್ದೆ ಪೊಲೀಸರ ಅಧಿಕಾರ, ರಕ್ಷಣೆಗಳನ್ನು ಕೊಡುತ್ತದೆ. ಸಮವಸ್ತ್ರ ಕಳಚಿ ಮನೆಗೆ ಬಂದ ಮೇಲೆ ಅವರೂ ಎಲ್ಲರಂತೆ ಒಬ್ಬ ನಾಗರಿಕ. ನಾಗರಿಕನಿಗೆ ಎಷ್ಟು ಅಧಿಕಾರ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಇದನ್ನು ಹೇಳುತ್ತದೆ. ಜಾಮೀನಿಲ್ಲದ, ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧವನ್ನು ಕಣ್ಣೆದುರೇ ಮಾಡಿದವನನ್ನು ಅಥವಾ ಘೋಷಿತ ಅಪರಾಧಿಯನ್ನು ಯಾರು ಬೇಕಾದರೂ ಹಿಡಿಯಬಹುದು. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯಲು, ವಿಡಿಯೊ ಮಾಡಿ ಹಂಚಲು, ಮೊಬೈಲ್ ಕಿತ್ತು ನೋಡಲು ಯಾವ ಕಾನೂನೂ ಒಪ್ಪಿಗೆ ಕೊಟ್ಟಿಲ್ಲ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಬಸ್ಸಿನಲ್ಲಿ ಜೊತೆಗೆ ಕೂತಿದ್ದು ಅಪರಾಧವೇ ಅಲ್ಲ. ಅವರನ್ನು ಇಳಿಸಿ ವಿಚಾರಿಸುವುದನ್ನು ನಮ್ಮ ಪತ್ರಿಕೆಗಳು 'ಅನೈತಿಕ ಪೊಲೀಸ್‌ಗಿರಿ' ಎಂದು ಸರಿಯಾಗಿಯೇ ಕರೆದಿವೆ. ಅಂಥ ಗುಂಪಿನಲ್ಲಿ ನಿಂತವರಿಗೆ ಬೀಟ್ ಸಮಿತಿಯಲ್ಲೂ ದಳದಲ್ಲೂ ಜಾಗ ಇರಬಾರದು.

ತಮಿಳುನಾಡಿನ ಅನುಭವ ಇಲ್ಲಿ ಪಾಠ. 1993ರಲ್ಲಿ ರಾಮನಾಥಪುರದಲ್ಲಿ ಪೊಲೀಸ್ ಅಧಿಕಾರಿ ಪ್ರತೀಪ್ ಫಿಲಿಪ್ ಒಳ್ಳೆಯ ಉದ್ದೇಶದಿಂದಲೇ 'ಫ್ರೆಂಡ್ಸ್ ಆಫ್ ಪೊಲೀಸ್' ಆರಂಭಿಸಿದರು. 2020ರ ಜೂನ್‌ನಲ್ಲಿ ಸಾತಾಂಕುಳಂ ಠಾಣೆಯವರ ಹಿಂಸೆಗೆ ತಂದೆ ಮಗ ಇಬ್ಬರೂ ಬಲಿಯಾದಾಗ ಈ ಸ್ವಯಂಸೇವಕರ ಮೇಲೂ ಆರೋಪ ಬಂತು. ಮರುತಿಂಗಳೇ ಸರ್ಕಾರ ಅದನ್ನು ನಿಷೇಧಿಸಿತು. ಪೊಲೀಸರ ಗೆಳೆತನ ಮಾತ್ರ ಇದ್ದು, ಹೊಣೆಗಾರಿಕೆಯನ್ನು ಬರೆದಿಟ್ಟ ಕಾನೂನು ಇಲ್ಲದಿದ್ದರೆ ಅಪಾಯ. ಕಾಯ್ದೆ, ತರಬೇತಿ, ಮೇಲಧಿಕಾರಿ ಮೂರೂ ಇರುವ ಗೃಹರಕ್ಷಕ ದಳವನ್ನು ನಾನು ಹೆಚ್ಚು ನಂಬುವುದು ಇದೇ ಕಾರಣಕ್ಕೆ.

ಊರಿನ ಸಹಾಯಕರು ಕಲಿತಿರಬೇಕಾದ ಕಾನೂನು ಬಹಳವೇನಿಲ್ಲ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆ ದೂರು ದಾಖಲಿಸಿಕೊಳ್ಳಬೇಕು. ತನಿಖೆಯ ವೇಳೆ ಸಾಕ್ಷಿ ಹೇಳಿಸಲು ಹೆಂಗಸರನ್ನು, 60 ದಾಟಿದ ಗಂಡಸರನ್ನು, 15 ತುಂಬದ ಹುಡುಗರನ್ನು ಠಾಣೆಗೆ ಬಾ ಎನ್ನುವಂತಿಲ್ಲ, ಅವರಿರುವ ಮನೆಗೇ ಹೋಗಿ ಕೇಳಬೇಕು. ತುರ್ತಿಗೆ 112. ಇಷ್ಟನ್ನು ತಿಂಗಳಾಡಿಯ ಹೋಟೆಲಿನಲ್ಲಿ ಚಾ ಕುಡಿಯುತ್ತ ನಾಲ್ಕು ಜನಕ್ಕೆ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಬಲ್ಲವರು ಸಿಕ್ಕರೆ ಊರಿನ ಅರ್ಧ ಭಯ ಕಡಿಮೆಯಾಗುತ್ತದೆ.

ಗೃಹರಕ್ಷಕ ದಳಕ್ಕೆ ಸೇರಲು ಮನಸ್ಸಿದ್ದರೆ ನಿಮಗೆ 19 ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ದೇಹ ಗಟ್ಟಿಯಾಗಿರಬೇಕು, ಮೇಲೆ ಕ್ರಿಮಿನಲ್ ಪ್ರಕರಣ ಇರಬಾರದು. ಭರ್ತಿಯ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಪುತ್ತೂರು ಘಟಕದಲ್ಲಿ ಅಥವಾ ಮೇರಿಹಿಲ್ ಕಚೇರಿಯಲ್ಲಿ ನೇರವಾಗಿ ವಿಚಾರಿಸಿ, ಸೇರಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದಳದಲ್ಲಿ ಹೆಂಗಸರಿಗೂ ಜಾಗವಿದೆ. ಮನೆಯೊಳಗಿನ ಹೊಡೆತದ ದೂರನ್ನು ಹೆಂಗಸೊಬ್ಬಳು ಮೊದಲು ಹೇಳಿಕೊಳ್ಳುವುದು ಇನ್ನೊಬ್ಬ ಹೆಂಗಸಿನ ಬಳಿಯೇ. ಕೆದಂಬಾಡಿ, ಕೆಯ್ಯೂರು, ಒಳಮೊಗ್ರು ಕಡೆಯ ಸ್ವಸಹಾಯ ಸಂಘಗಳ ಅಕ್ಕಂದಿರು ಮುಂದಿನ ಭರ್ತಿಯಲ್ಲಿ ದಯವಿಟ್ಟು ಅರ್ಜಿ ಹಾಕಿ.